ಮಲ್ಲಿಗಿಯ ರಕ್ತ ಹಿಸಾರಿಗೆ ಹೋದದ್ದು

ಕಲ್ಯಾಣದಲ್ಲಿ, ಖಾಡಿ ಎಂದು ಕರೆಯುವ ಕಡಲ ಹಿನ್ನೀರಿನ ಕಡೆಗೆ, ಹೊಸ ಟವರುಗಳ ಬೆನ್ನಿಗೆ, ಒಂದೇ ಆವರಣದಲ್ಲಿ ತಗಡಿನ ಸೂರಿನ ಎರಡು ತಬೇಲಾಗಳಿದ್ದವು. ದೊಡ್ಡದು ಅಪ್ಪಾಸಾಹೇಬರದು. ಮದುಮಗನನ್ನು ಹೊತ್ತು ಮೆರವಣಿಗೆ ಹೋಗುವ ಹನ್ನೆರಡು ಕುದುರೆಗಳು ಅಲ್ಲಿದ್ದವು. ಚಿಕ್ಕದು ಈರವ್ವನದು. ಅವಳದು ಮೂರು ಕುದುರೆ, ಎರಡು ಎಮ್ಮೆ. ಎರಡು ತಬೇಲಾಕ್ಕೂ ಸೇರಿ ನಲ್ಲಿ ಒಂದೇ, ಅದರ ಕೆಳಗಿನ ಸಿಮೆಂಟಿನ ಬಾನಿಯೂ ಒಂದೇ.

ಈರವ್ವ ವಿಜಯಪುರ ಜಿಲ್ಲೆಯವಳು. ಲಗ್ನವಾಗಿ ಕಲ್ಯಾಣಕ್ಕೆ ಬಂದಾಗ ಗಂಡ ಪ್ರಭುದೇವ ಸ್ಟೇಷನ್ನಿನ ಎದುರು ಟಾಂಗಾ ಹೊಡೆಯುತ್ತಿದ್ದ. ರಿಕ್ಷಾಗಳು ಹೆಚ್ಚಾಗಿ ಟಾಂಗಾಕ್ಕೆ ಗಿರಾಕಿ ಇಲ್ಲದಾಯಿತು. ಆಗ ಗಾಡಿ ಬಿಚ್ಚಿ, ಕುದುರೆಗೆ ಜರಿಯ ಜೂಲು ಹೊದೆಸಿ, ಮದುವೆಗಳಿಗೆ ಒಯ್ಯತೊಡಗಿದ. ಅಪ್ಪಾಸಾಹೇಬರು ಅವನ ಸೋದರಮಾವ. ಕುದುರೆ ಕಟ್ಟಲು ಜಾಗ ಕೊಟ್ಟವರೂ ಅವರೇ, ಬ್ಯಾಂಡಿನವರ ಪರಿಚಯ ಮಾಡಿಸಿದವರೂ ಅವರೇ.

ಎರಡು ಸಾವಿರದ ಐದರ ಜುಲೈ ಮಳೆಗೆ ಖಾಡಿ ಉಕ್ಕಿ ಆವರಣದೊಳಗೆ ಎದೆಮಟ್ಟ ನೀರು ನಿಂತಿತು. ನೀರು ಇಳಿದ ಮೇಲೆ ಸುತ್ತಲಿನ ತಬೇಲಾಗಳಲ್ಲಿ ಎಮ್ಮೆಗಳ ಹೆಣ ಉಬ್ಬಿಕೊಂಡು ಬಿದ್ದಿದ್ದವು. ಮೂರನೆಯ ದಿನ ಕೆಸರು ತುಳಿಯುತ್ತ ಒಬ್ಬ ಹುಡುಗಿ ಬಂದಳು. ಹೆಗಲಿಗೆ ಐಸ್ ಡಬ್ಬಿ, ಕಾಲಿಗೆ ಗಂಬೂಟು. ಆಗತಾನೆ ಪಶುವೈದ್ಯ ಓದು ಮುಗಿಸಿ ಡೊಂಬಿವಲಿಯ ಅಕ್ಕನ ಮನೆಯಲ್ಲಿ ಉಳಿದಿದ್ದ ಕುಂದಾಪುರ ಕಡೆಯ ಜಯಲತಾ ಆಕೆ. ಉಳಿದ ದನ, ಕುದುರೆಗಳಿಗೆ ಲಸಿಕೆ ಹಾಕಲು ಹೊರಟಿದ್ದಳು. ಹೆದರಿದ ಪ್ರಾಣಿಗಳನ್ನು ಹಿಡಿಯುವವರಿಲ್ಲದೆ ಪರದಾಡುತ್ತಿದ್ದಾಗ ಈರವ್ವ ಸೆರಗು ಬಿಗಿದು ಮುಂದೆ ಬಂದು ಒಂದೊಂದನ್ನೇ ತಲೆಹಗ್ಗ ಹಿಡಿದು ನಿಲ್ಲಿಸಿಕೊಟ್ಟಳು. ಅವತ್ತೇ ಡಾಕ್ಟರ ಕಣ್ಣಿಗೆ ಪ್ರಭುದೇವನ ಅಂಗಾಲಿನ ಗಾಯ ಬಿತ್ತು. ಕೆಸರಿನಲ್ಲಿ ತುಕ್ಕು ಮೊಳೆ ಹೊಕ್ಕಿತ್ತು. ಇವತ್ತೇ ಹೋಗಿ ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಳ್ಳಿ ಎಂದು ಡಾಕ್ಟರು ಎರಡು ಸಲ ಹೇಳಿದರು. ಪ್ರಭುದೇವ ನಕ್ಕುಬಿಟ್ಟ. ಈರವ್ವ ಕೇಳಿಸಿಕೊಂಡಳು, ಗಂಡನಿಗೆ ಒತ್ತಿ ಹೇಳಲಿಲ್ಲ. ಹನ್ನೆರಡನೆಯ ದಿನ ಅವನ ದವಡೆ ಕಚ್ಚಿಕೊಂಡಿತು. ಹದಿನೈದನೆಯ ದಿನಕ್ಕೆ ಅವನಿಲ್ಲ. ಮಗಳು ಸೋನಾಲಿಗೆ ಆಗ ಮೂರು ವರ್ಷ.

ಅಂದಿನಿಂದ ಈರವ್ವ ಡಾಕ್ಟರು ಹೇಳಿದ ಒಂದು ಮಾತನ್ನೂ ತಳ್ಳಿಹಾಕಿದವಳಲ್ಲ. ತನ್ನ ಪ್ರಾಣಿಗಳಿಗೆ ವರ್ಷದ ಲಸಿಕೆ ತಪ್ಪಿಸಲಿಲ್ಲ. ಅದಷ್ಟೇ ಅಲ್ಲ, ಡಾಕ್ಟರ ಜೊತೆ ಊರೂರು ತಿರುಗತೊಡಗಿದಳು. ಭಿವಂಡಿ ರಸ್ತೆಯ ಎಮ್ಮೆಗಳ ಕೆಚ್ಚಲು ಬಾವು, ಐರೋಲಿಯ ಒಂದು ಕುದುರೆಯ ಹೊಟ್ಟೆಶೂಲೆ, ಪನವೇಲಿನ ಕಡೆ ಹೊಟ್ಟೆಯೊಳಗೆ ತಿರುಗಿ ನಿಂತ ಕರು, ಯಾವುದಕ್ಕೆ ಕರೆ ಬಂದರೂ ಡಾಕ್ಟರ ಸ್ಕೂಟರಿನ ಹಿಂದೆ ಈರವ್ವ ಇರುತ್ತಿದ್ದಳು. ಪ್ರಾಣಿಯ ಕಿವಿ ಮುಟ್ಟಿ ಜ್ವರ ಎಷ್ಟಿದೆ ಎಂದು ಹೇಳುತ್ತಿದ್ದಳು. ಡಾಕ್ಟರು ಥರ್ಮಾಮೀಟರ್ ಇಟ್ಟು ನೋಡಿದರೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರುತ್ತಿರಲಿಲ್ಲ. ಅಕ್ಷರ ಅಷ್ಟಾಗಿ ಬಾರದಿದ್ದರೂ ಅಂಕಿ ಬರುತ್ತಿತ್ತು. ಯಾವ ಪ್ರಾಣಿಗೆ ಯಾವ ದಿನ ಎಷ್ಟು ಜ್ವರ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ ಇಡುತ್ತಿದ್ದಳು.

ಹೀಗೆ ಹದಿನೆಂಟು ವರ್ಷ ಕಳೆದವು. ಎರಡು ವರ್ಷದ ಹಿಂದಿನ ದೀಪಾವಳಿ ಮುಗಿದು, ತುಳಸಿ ಲಗ್ನಕ್ಕೆ ಮೊದಲು, ಅಪ್ಪಾಸಾಹೇಬರು ಜಾತ್ರೆಯೊಂದರಿಂದ ಒಂದು ಗಂಡು ಕುದುರೆ ಕೊಂಡು ತಂದರು. ಹೆಸರು ಬಾದಲ್. ಮೊದಲಿನ ಹನ್ನೆರಡರಲ್ಲಿ ಒಂದನ್ನು ಮಾರಿ ಅದರ ಜಾಗಕ್ಕೆ ಇದನ್ನು ಕಟ್ಟಿದ್ದರು. ಮೈಯೆಲ್ಲ ಬಿಳುಪು, ಕತ್ತು ಎತ್ತಿ ನಿಂತರೆ ನೋಡುವವರಿಗೆ ಕಣ್ಣು ಕೀಳಲಾಗದಂಥ ಪ್ರಾಣಿ. ತಂದ ವಾರಕ್ಕೆ ಅದು ಕೆಮ್ಮತೊಡಗಿತು. ಮೊದಲು ನೀರು ಕುಡಿದಾಗ ಮಾತ್ರ, ಆಮೇಲೆ ಸುಮ್ಮನೆ ನಿಂತಾಗಲೂ. ಅಪ್ಪಾಸಾಹೇಬರ ಆಳು ಹುಲಗಪ್ಪ, ಕೊಪ್ಪಳ ಕಡೆಯ ನಲವತ್ತರ ಮನುಷ್ಯ, ಕುದುರೆಗಳ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗುತ್ತಿದ್ದವನು. ಒಂದು ಬೆಳಗ್ಗೆ ಅವನು ಬಾದಲ್‌ನ ಎಡಮೂಗನ್ನು ಒಂದು ಚಿಂದಿಯಿಂದ ಒರೆಸಿ, ಅದೇ ಚಿಂದಿಯಿಂದ ಪಕ್ಕದ ಕುದುರೆಯ ಮೋರೆ ಒರೆಸುವುದನ್ನು ಈರವ್ವ ಕಂಡಳು. ಚಿಂದಿಯ ಮೇಲೆ ಹಳದಿಯಾದ, ಅಂಟಿನಂಥ ಸಿಂಬಳ. ಅದರಲ್ಲಿ ರಕ್ತದ ಗೆರೆ.

ಇದನ್ನು ಅವಳು ಮೊದಲು ನೋಡಿರಲಿಲ್ಲ, ಆದರೆ ಡಾಕ್ಟರು ಹೇಳಿ ಇಟ್ಟಿದ್ದರು. ಕುದುರೆಗೆ ಗ್ಲ್ಯಾಂಡರ್ಸ್ ಎಂಬ ರೋಗ ಬರುತ್ತದೆ. ಅದಕ್ಕೆ ಲಸಿಕೆ ಇಲ್ಲ. ಬಂದ ಕುದುರೆಯನ್ನು ಕಾಯ್ದೆಯ ಪ್ರಕಾರ ಕೊಲ್ಲಲೇಬೇಕು. ಅದು ಒಂದರಿಂದ ಒಂದಕ್ಕೆ ನೀರಿನಲ್ಲಿ, ಮೇವಿನಲ್ಲಿ ದಾಟುತ್ತದೆ. ಕುದುರೆಯಿಂದ ಮನುಷ್ಯನಿಗೂ ದಾಟುತ್ತದೆ.

ಅವಳು ಆವತ್ತೇ ತನ್ನ ಮೂರು ಕುದುರೆಗಳನ್ನು ಬಾನಿಯಿಂದ ಬಿಡಿಸಿ ಬಕೆಟಿನಲ್ಲಿ ನೀರಿಟ್ಟಳು. ಆಮೇಲೆ ಅಪ್ಪಾಸಾಹೇಬರ ಬಳಿ ಹೋಗಿ ಮಾವಾರ, ಡಾಕ್ಟರಬಾಯಿಗೆ ಒಮ್ಮೆ ತೋರಸೂಣು ಎಂದಳು. ಅವರು ಟವರಿನ ಕೆಲಸದ ಕಡೆ ಕೈ ತೋರಿಸಿ, ಆ ಸಿಮೆಂಟಿನ ಧೂಳಿಗೆ ನನಗೂ ಕೆಮ್ಮು ಬಂದಿದೆ ಎಂದರು. ಆ ತಿಂಗಳು ಅವರ ಕುದುರೆಗಳಿಗೆ ಮೂವತ್ತು ಮದುವೆ ಗೊತ್ತಾಗಿದ್ದವು. ಹುಲಗಪ್ಪ ಮೆರವಣಿಗೆಗೆ ಮೊದಲು ಬಾದಲ್‌ನ ಮೂಗು ತೊಳೆದು ಎಣ್ಣೆ ಹಚ್ಚಿ ಒಯ್ಯುತ್ತಿದ್ದ. ಮದುಮಗನ ಹಿಂದೆ ಒಂದು ಮಗುವನ್ನು ಕೂರಿಸುವುದು ಅಲ್ಲಿನ ವಾಡಿಕೆ. ಅದನ್ನು ನೆನೆದು ಈರವ್ವ ತಾನೇ ಡಾಕ್ಟರಿಗೆ ಹೇಳಿಕಳಿಸಿದಳು.

ಜಯಲತಾ ಡಾಕ್ಟರು ಕೇಳಿದ ಕೂಡಲೇ ಬಂದರು. ಅಪ್ಪಾಸಾಹೇಬರು ಗೇಟಿನಲ್ಲೇ ಚಹಾ ತರಿಸಿ ಕೊಟ್ಟು, ತುಂಬ ಮರ್ಯಾದೆಯಿಂದ ಮಾತಾಡಿ, ಕುದುರೆಗಳ ಹತ್ತಿರ ಹೋಗಗೊಡದೆ ಕಳಿಸಿದರು. ಡಾಕ್ಟರು ಹೊರಗೆ ಬಂದು ಈರವ್ವನಿಗೆ ತಮ್ಮ ಕಷ್ಟ ಹೇಳಿಕೊಂಡರು. ಕೇಳಿದ್ದರ ಮೇಲೆ ಸರಕಾರಿ ಪಶುವೈದ್ಯರಿಗೆ ಅರ್ಜಿ ಬರೆಯಬಹುದು, ಬರೆಯುತ್ತೇನೆ. ಆದರೆ ಪ್ರಾಣಿಯನ್ನು ನಾನು ಕಣ್ಣಾರೆ ನೋಡಿಲ್ಲವಾದ್ದರಿಂದ ಆ ಕಾಗದ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಲಗ್ನದ ಸೀಜನ್ನೇ ಮುಗಿದಿರುತ್ತದೆ.

ಅವತ್ತು ಸಂಜೆ ಅಪ್ಪಾಸಾಹೇಬರು ಈರವ್ವನ ತಬೇಲಾದ ಬಾಗಿಲಲ್ಲಿ ಬಂದು ನಿಂತರು. ದನಿ ಏರಿಸಲಿಲ್ಲ.

“ಈರವ್ವಾ, ಪ್ರಭು ಹ್ವಾದ ಮ್ಯಾಲೆ ನಿನ್ನ ಈ ಸೂರಿನ ಕೆಳಗ ಯಾರ ಇಟ್ಟಾರ, ನೆನಪೈತೇನು?”

“ನೆನಪೈತ್ರಿ ಮಾವಾರ.”

“ಅಷ್ಟ ಇರಲಿ,” ಎಂದು ಅವರು ಹೋದರು.

ಆ ವಾರವೆಲ್ಲ ಈರವ್ವ ದಿನಕ್ಕೆ ಮೂರು ಸಲ ತನ್ನ ಕುದುರೆಗಳ ಮೈಮೇಲೆ ಕೈಯಾಡಿಸಿ ನೋಡಿದಳು. ಎರಡು ಎಳೆಯವು ಚೆನ್ನಾಗಿದ್ದವು. ಹಿರಿಯದು ಮಲ್ಲಿಗಿ. ಹದಿನಾರು ವರ್ಷದ ಬಿಳಿ ಹೆಣ್ಣು ಕುದುರೆ, ಇದೇ ತಬೇಲಾದಲ್ಲಿ ಹುಟ್ಟಿದ್ದು. ಸೋನಾಲಿ ಅದರ ಬೆನ್ನ ಮೇಲೆ ಕೂತೇ ಬೆಳೆದವಳು. ಎಷ್ಟು ಪಟಾಕಿ ಸಿಡಿದರೂ ಬೆದರದ ಪ್ರಾಣಿ. ಹತ್ತು ದಿನದ ಹಿಂದೆ ಖಾರಘರದ ಒಂದು ಮದುವೆಯಲ್ಲಿ ಅದು ಬಾದಲ್‌ನ ಪಕ್ಕದಲ್ಲಿ ನಿಂತು ಒಂದೇ ಟಬ್ಬಿನಲ್ಲಿ ನೀರು ಕುಡಿದಿತ್ತು.

ಗುರುವಾರ ಬೆಳಗ್ಗೆ ಮಲ್ಲಿಗಿಯ ಹಿಂಗಾಲಿನ ಒಳಗಡೆ ಈರವ್ವನ ಬೆರಳಿಗೆ ಏನೋ ತಾಗಿತು. ಬಟಾಣಿ ಗಾತ್ರದ ಗಂಟು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ದಾರದಲ್ಲಿ ಪೋಣಿಸಿದಂತೆ ತೊಡೆಯ ತನಕ. ಕಿವಿ ಮುಟ್ಟಿದಳು. ಕಾವಿತ್ತು. ಮಲ್ಲಿಗಿ ಎಂದಿನಂತೆ ಅವಳ ಭುಜಕ್ಕೆ ಮೋರೆ ಒರೆಸಲು ಬಂತು. ಈರವ್ವ ಹಿಂದೆ ಸರಿದಳು. ಹದಿನಾರು ವರ್ಷದಲ್ಲಿ ಅದರಿಂದ ಹಾಗೆ ಸರಿದದ್ದು ಅದೇ ಮೊದಲು.

ಕೈಯನ್ನು ಸಾಬೂನು ಹಾಕಿ ಮೂರು ಸಲ ತೊಳೆದು, ಡಾಕ್ಟರಿಗೆ ಫೋನ್ ಮಾಡಿದಳು. “ಡಾಕ್ಟರಬಾಯಿ, ಅವರ ಕುದರಿ ಮುಟ್ಟಗೊಡಂಗಿಲ್ಲ. ನನ್ನ ಮಲ್ಲಿಗೀದ ರಕ್ತಾ ತಗೋರಿ.”

“ಈರವ್ವ, ಹೌದು ಅಂತ ಬಂದ್ರೆ ಅದನ್ನು ಉಳಿಸ್ಲಿಕ್ಕೆ ಆಗುದಿಲ್ಲ. ನಿಮಗೆ ಗೊತ್ತುಂಟಲ್ಲ?” ಎಂದರು ಡಾಕ್ಟರು.

“ಗೊತ್ತೈತ್ರಿ. ಒಮ್ಮೆ ಸುಮ್ಕ ಇದ್ದು ನೋಡೇನಿ.”

ಮಧ್ಯಾಹ್ನಕ್ಕೆ ಡಾಕ್ಟರು ಸರಕಾರಿ ಪಶುವೈದ್ಯರನ್ನು ಕರೆದುಕೊಂಡೇ ಬಂದರು. ಮಲ್ಲಿಗಿಯ ಕತ್ತಿನಿಂದ ರಕ್ತ ತೆಗೆದು, ಮೂರು ಪದರ ಡಬ್ಬಿಯಲ್ಲಿಟ್ಟು, ಹರಿಯಾಣದ ಹಿಸಾರಿನ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವವರೆಗೆ ಆವರಣದಿಂದ ಒಂದು ಕುದುರೆಯೂ ಹೊರಗೆ ಹೋಗಕೂಡದು, ನಾಳೆ ಬೆಳಗ್ಗೆ ಜನ ಸಮೇತ ಬಂದು ಎಲ್ಲ ಕುದುರೆಗಳ ರಕ್ತ ತೆಗೆಯುತ್ತೇವೆ ಎಂದು ಅಪ್ಪಾಸಾಹೇಬರ ಕೈಗೂ ಲಿಖಿತ ಆದೇಶ ಕೊಟ್ಟರು.

ಮರುದಿನ ಅವರು ಬಂದು ಎಣಿಸಿದಾಗ ದೊಡ್ಡ ತಬೇಲಾದಲ್ಲಿ ಹನ್ನೊಂದೇ ಕುದುರೆ. ಬಾದಲ್ ಇರಲಿಲ್ಲ. ಹೋದ ವಾರವೇ ಮಾರಿದೆ, ಕೊಂಡವರ ವಿಳಾಸ ಗೊತ್ತಿಲ್ಲ ಎಂದರು ಅಪ್ಪಾಸಾಹೇಬರು. ಹುಲಗಪ್ಪನೂ ಇರಲಿಲ್ಲ. ಊರಿಗೆ ಹೋಗಿದ್ದಾನೆ ಎಂದರು. ಹಿಂದಿನ ಸಂಜೆ ಬಾದಲ್ ಅಲ್ಲೇ ಕಟ್ಟಿದ್ದನ್ನೂ, ಹುಲಗಪ್ಪ ಬಾನಿಯ ಬಳಿ ಕೂತು ಕೆಮ್ಮುತ್ತಿದ್ದದ್ದನ್ನೂ ಈರವ್ವ ನೋಡಿದ್ದಳು. ಅಧಿಕಾರಿಗಳ ಮುಂದೆಯೇ ಅದನ್ನು ಹೇಳಿದಳು. ಅಪ್ಪಾಸಾಹೇಬರು ಅವಳ ಕಡೆ ನೋಡಲಿಲ್ಲ.

ಮುಂದಿನ ದಿನಗಳು ಬಹಳ ನಿಧಾನವಾಗಿ ಹೋದವು. ಡಾಕ್ಟರು ಈರವ್ವನಿಗೂ ರಕ್ತ ಪರೀಕ್ಷೆ ಮಾಡಿಸಿ, ಬೆಳಗ್ಗೆ ಸಂಜೆ ಜ್ವರ ನೋಡಿಕೊಳ್ಳಲು ಹೇಳಿದರು. ಕುದುರೆಗಳ ಜ್ವರ ಬರೆಯುವ ನೋಟ್‌ಬುಕ್ಕಿನಲ್ಲೇ ಅವಳು ತನ್ನದನ್ನೂ ಬರೆಯತೊಡಗಿದಳು. ಸೋನಾಲಿ ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಡಾಕ್ಟರ ಮಾತಿನಂತೆ ಅಲ್ಲಿಯೇ ಗೆಳತಿಯರ ಫ್ಲ್ಯಾಟಿನಲ್ಲಿ ಉಳಿದಳು. ತಾಯಿ ಕನ್ನಡದಲ್ಲಿ ಕೇಳಿದರೆ ಮಗಳು ಮರಾಠಿಯಲ್ಲಿ ಉತ್ತರಿಸುವುದು ಅವರ ರೂಢಿ. ಈರವ್ವ ಫೋನಿನಲ್ಲಿ ಮಲ್ಲಿಗಿ ಮೇವು ಬಿಟ್ಟದ್ದನ್ನು ಹೇಳಹೊರಟರೆ ಮಗಳು “ಆಯಿ, ಘೋಡೀಚಂ ನಂತರ. ತುಝಾ ತಾಪ ಕಿತೀ ಆಹೆ?” ಎಂದು ತಡೆಯುತ್ತಿದ್ದಳು. ಕುದುರೆಯ ಸುದ್ದಿ ಆಮೇಲೆ, ನಿನ್ನ ಜ್ವರ ಎಷ್ಟಿದೆ ಹೇಳು ಎಂದು.

ಆವರಣದ ಹೊರಗೆ ಸುದ್ದಿ ಬೇರೆ ರೂಪದಲ್ಲಿ ಹಬ್ಬಿತು. ಊರೂರು ತಿರುಗಿ ಈರವ್ವನೇ ರೋಗ ತಂದಳು ಎಂದು ಅಪ್ಪಾಸಾಹೇಬರ ಕಡೆಯವರು ಹೇಳಿಕೊಂಡು ಬಂದರು. ಅವಳ ಎಮ್ಮೆಗಳಿಗೆ ಏನೂ ಆಗಿರಲಿಲ್ಲ, ಆದರೂ ಹಾಲು ಕೊಳ್ಳುವವರು ನಿಂತರು. ಕಿರಾಣಿ ಅಂಗಡಿಯವನು ಸಾಮಾನನ್ನು ಕಟ್ಟೆಯ ಮೇಲಿಟ್ಟು ದೂರ ನಿಲ್ಲುತ್ತಿದ್ದ.

ಒಂಬತ್ತನೆಯ ದಿನ ಹಿಸಾರಿನಿಂದ ವರದಿ ಬಂತು. ಮಲ್ಲಿಗಿಗೆ ಗ್ಲ್ಯಾಂಡರ್ಸ್ ಖಚಿತ. ಅಪ್ಪಾಸಾಹೇಬರ ಹನ್ನೊಂದರಲ್ಲಿ ನಾಲ್ಕಕ್ಕೆ ಖಚಿತ. ಈರವ್ವನ ಉಳಿದೆರಡು ಕುದುರೆಗೆ ಇಲ್ಲ, ಈರವ್ವನಿಗೂ ಇಲ್ಲ. ಸುತ್ತಲಿನ ಊರುಗಳಲ್ಲೆಲ್ಲ ಕುದುರೆ ಸಾಗಿಸುವುದನ್ನು ನಿಲ್ಲಿಸಿ ಆದೇಶ ಹೊರಟಿತು. ಆ ವರ್ಷ ಕಲ್ಯಾಣ, ಡೊಂಬಿವಲಿಯ ಮದುಮಕ್ಕಳು ಅಲಂಕಾರದ ಜೀಪಿನಲ್ಲಿ ಮೆರವಣಿಗೆ ಹೋದರು.

ಪಕ್ಕದ ಟವರಿನ ಕೆಲಸದ ಜೆಸಿಬಿ ಬಂದು ಆವರಣದ ಹಿಂದೆ ಆಳವಾದ ಗುಂಡಿಗಳನ್ನು ತೋಡಿತು. ಸುಣ್ಣದ ಚೀಲಗಳು ಬಂದವು. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಉಡುಪು ತೊಟ್ಟ ಏಳು ಜನರನ್ನು ಕಂಡು ಮಲ್ಲಿಗಿ ಹೆದರಿ ಹಗ್ಗ ಜಗ್ಗಿತು. ಜೀವಮಾನದಲ್ಲಿ ಯಾರನ್ನೂ ಒದೆಯದ ಪ್ರಾಣಿ ಗೋಡೆಯ ತಗಡಿಗೆ ಒದೆಯಿತು. ಹತ್ತಿರ ಹೋಗಿ ಸೂಜಿ ಹಾಕುವುದು ಯಾರಿಂದಲೂ ಆಗಲಿಲ್ಲ. ಕೊನೆಗೆ ಡಾಕ್ಟರು ಅಧಿಕಾರಿಗಳನ್ನು ಒಪ್ಪಿಸಿ ಈರವ್ವನಿಗೂ ಅಂಥದೇ ಉಡುಪು, ಮಾಸ್ಕು, ಕನ್ನಡಕ ತೊಡಿಸಿದರು. ಆ ವೇಷದಲ್ಲಿ ಮಲ್ಲಿಗಿಗೆ ಅವಳ ಗುರುತು ಸಿಗಲಿಲ್ಲ. ಅವಳು ಮಾಸ್ಕಿನೊಳಗಿಂದಲೇ ನಾಲಿಗೆಯಿಂದ ಟಕಟಕ ಸದ್ದು ಮಾಡಿದಳು, ಮರಿಯಾಗಿದ್ದಾಗಿನಿಂದ ಮೇವಿಗೆ ಕರೆಯುತ್ತಿದ್ದ ಸದ್ದು. ಕುದುರೆ ಕಿವಿ ತಿರುಗಿಸಿತು. ಒದೆಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿತು. ಅವಳು ಹಗ್ಗ ಹಿಡಿದು ಗುಂಡಿಯ ಅಂಚಿನವರೆಗೆ ನಡೆಸಿಕೊಂಡು ಹೋದಳು. ಡಾಕ್ಟರು ಮೊದಲು ನಿದ್ದೆಯ ಮದ್ದು, ಅದು ಹಿಡಿದ ಮೇಲೆ ಎರಡನೆಯದನ್ನು ಕೊಟ್ಟರು. ಈರವ್ವ ತಲೆಯನ್ನು ಕೊನೆಯ ತನಕ ಹಿಡಿದಿದ್ದಳು. ಆ ದಪ್ಪ ಕೈಗವಸಿನಲ್ಲಿ ಅದರ ಮೈಯ ಬಿಸಿ ಗೊತ್ತಾಗಲಿಲ್ಲ ಎಂಬುದನ್ನೇ ಅವಳು ಆಮೇಲೆ ಹಲವು ಸಲ ಡಾಕ್ಟರಿಗೆ ಹೇಳಿದಳು.

ಅಪ್ಪಾಸಾಹೇಬರ ನಾಲ್ಕು ಕುದುರೆಗಳೂ ಅದೇ ದಿನ ಹೋದವು. ಅವರು ಗೋಡೆಗೆ ಮುಖ ಮಾಡಿ ಕೂತಿದ್ದರು.

ಎರಡು ದಿನದ ಮೇಲೆ, ಮುಂಜಾನೆ ಹತ್ತರ ಹೊತ್ತಿಗೆ, ಈರವ್ವನ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಆ ಕಡೆ ಮೊದಲು ಬರೀ ಕೆಮ್ಮು ಕೇಳಿತು.

“ಯಕ್ಕಾ, ನಾ ಹುಲಗಪ್ಪ. ಬಾದಲ್ ಏಳವಲ್ದು.”

ಕಳಂಬೋಲಿಯ ಕಬ್ಬಿಣದ ಪೇಟೆಯ ಹಿಂದೆ, ಟ್ರೇಲರುಗಳು ನಿಲ್ಲುವ ಒಂದು ಖಾಲಿ ಜಾಗದಲ್ಲಿ ಅವನಿದ್ದ. ಪರೀಕ್ಷೆಗೆ ಬರುವವರು ಹೋದ ಮೇಲೆ ಕರೆಸಿಕೊಳ್ಳುತ್ತೇನೆಂದು ಹೇಳಿ ಅಪ್ಪಾಸಾಹೇಬರು ಅವನನ್ನೂ ಕುದುರೆಯನ್ನೂ ಟೆಂಪೊ ಹತ್ತಿಸಿದ್ದರು. ಆಮೇಲೆ ಅವನ ಫೋನು ಎತ್ತಿರಲಿಲ್ಲ. ಡಾಕ್ಟರು, ಈರವ್ವ, ಅಧಿಕಾರಿಗಳು ಅಲ್ಲಿಗೆ ಹೋದಾಗ ತಗಡು ಇಳಿಸುವ ಸದ್ದಿಗೆ ಕಿವಿ ಕಿವುಡಾಗುತ್ತಿತ್ತು. ತಾಡಪಾಲಿನ ಕೆಳಗೆ ಬಾದಲ್ ಸತ್ತು ಬಿದ್ದಿತ್ತು. ನಾಯಿಗಳು ದೂರದಲ್ಲಿ ಸುತ್ತುಹಾಕುತ್ತಿದ್ದವು, ಹತ್ತಿರ ಬರುತ್ತಿರಲಿಲ್ಲ. ಹುಲಗಪ್ಪ ಒಂದು ಕಬ್ಬಿಣದ ಸುರುಳಿಗೆ ಒರಗಿ ಕೂತಿದ್ದ. ಕಣ್ಣು ಕೆಂಪಾಗಿ, ತುಟಿ ಒಣಗಿತ್ತು. ಈರವ್ವನನ್ನು ಕಂಡು ಏಳಹೋದ. ಡಾಕ್ಟರು ಅವಳನ್ನು ಹತ್ತು ಹೆಜ್ಜೆ ದೂರದಲ್ಲೇ ತಡೆದು, ತಾವು ಮಾಸ್ಕು ತೊಟ್ಟು ಅವನ ಬಳಿ ಹೋದರು.

“ಅದಕ್ಕ ನೀರ ಕುಡಿಸೀನ್ರಿ, ಬಾಯಾಗ ಕೈ ಹಾಕಿ ಗುಳಿಗಿ ನುಂಗಿಸೀನ್ರಿ,” ಎಂದ ಅವನು. ತಾನು ಸರಿಯಾಗಿ ನೋಡಿಕೊಂಡೆನೆಂದು ತಿಳಿಸಬೇಕಿತ್ತು ಅವನಿಗೆ.

ಅವನು ಆರು ವಾರ ಆಸ್ಪತ್ರೆಯಲ್ಲಿದ್ದ. ಮೊದಲ ರಕ್ತದಲ್ಲಿ ಏನೂ ಕಾಣಲಿಲ್ಲ, ಎರಡನೆಯದರಲ್ಲಿ ಸಂಶಯ ಎಂದರು. ಜ್ವರ ಇಳಿದಂತೆ ಬಿಡುಗಡೆ ಮಾಡಿದರು. ಮೂರು ತಿಂಗಳು ಗುಳಿಗೆ ತಪ್ಪಿಸದೆ ತೆಗೆದುಕೊಳ್ಳಬೇಕು, ಪ್ರತಿ ತಿಂಗಳು ತೋರಿಸಬೇಕು, ಈ ರೋಗ ಮೈಯಲ್ಲಿ ಅಡಗಿ ಕೂತು ತಿರುಗಿ ಏಳುತ್ತದೆ ಎಂದು ಹೇಳಿ ಕಳಿಸಿದರು. ಅವನು ಕೊಪ್ಪಳದ ಕಡೆ ಊರಿಗೆ ಹೋದ. ಮೊದಲ ತಿಂಗಳು ಬರಲಿಲ್ಲ. ಡಾಕ್ಟರು ಮಾಡಿದ ಫೋನಿಗೆ ಉತ್ತರವಿಲ್ಲ. ಆಮೇಲೆ ಆ ನಂಬರು ಬಂದ್ ಆಯಿತು.

ಇತ್ತ ಆವರಣದಲ್ಲಿ ಉಳಿದ ಒಂಬತ್ತು ಕುದುರೆಗಳ ರಕ್ತವನ್ನು ಮತ್ತೆ ಎರಡು ಸಲ ತೆಗೆದರು. ಎರಡನೆಯ ಸಲ ಅಪ್ಪಾಸಾಹೇಬರ ಬಳಿ ಆಳುಗಳೇ ಉಳಿದಿರಲಿಲ್ಲ. ಹೆದರಿ ಓಡಿಹೋಗಿದ್ದರು. ಬಾದಲ್‌ನನ್ನು ಬಚ್ಚಿಟ್ಟದ್ದಕ್ಕೆ ಅಪ್ಪಾಸಾಹೇಬರ ಮೇಲೆ ಪೊಲೀಸು ಕೇಸೂ ಆಗಿತ್ತು. ಎಪ್ಪತ್ತೆರಡರ ಮುದುಕ ತಾವೇ ಕುದುರೆಯ ತಲೆಹಗ್ಗ ಹಿಡಿದು ಡಾಕ್ಟರ ಮುಂದೆ ನಿಂತರು. ಕುದುರೆ ತಲೆ ಕೊಡವಿ ಹಗ್ಗ ಜಗ್ಗಿತು. ಈರವ್ವ ಹೋಗಿ ಅವರ ಕೈಯಿಂದ ಹಗ್ಗ ತೆಗೆದುಕೊಂಡಳು. ಎರಡೂ ಸಲ ಎಲ್ಲವೂ ರೋಗವಿಲ್ಲದವು ಎಂದೇ ಬಂತು. ಮಾರ್ಚ್ ಕೊನೆಗೆ ನಿರ್ಬಂಧ ತೆಗೆದರು.

ಎಲ್ಲರೂ ಮುಗಿಯಿತೆಂದು ಉಸಿರು ಬಿಟ್ಟರು. ಈರವ್ವನಿಗೆ ಹಾಗನ್ನಿಸಲಿಲ್ಲ. ಹುಲಗಪ್ಪ ಗುಳಿಗೆ ನುಂಗುತ್ತಿದ್ದಾನೋ ಇಲ್ಲವೋ ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು. ಏಪ್ರಿಲಿನಲ್ಲಿ ಸೋನಾಲಿ ನಾಲ್ಕು ದಿನ ರಜೆ ಹಾಕಿ ಪ್ರಾಣಿಗಳನ್ನು ನೋಡಿಕೊಳ್ಳಲು ಒಪ್ಪಿದಳು. ಈರವ್ವ ಕಲ್ಯಾಣದಲ್ಲಿ ಗದಗಿನ ರೈಲು ಹತ್ತಿ, ಅಲ್ಲಿಂದ ಬಸ್ಸು ಹಿಡಿದು, ಕೇಳುತ್ತ ಕೇಳುತ್ತ ಅವನ ಊರು ಮುಟ್ಟಿದಳು.

ಅವನು ಮನೆಯ ಮುಂದಿನ ನೆರಳಿನಲ್ಲಿ ಕಂಬಳಿ ಹೊದ್ದು ಕೂತಿದ್ದ. ಅಂಥ ಬಿಸಿಲಲ್ಲಿ ಕಂಬಳಿ. ಆರಾಮ ಅನಿಸಿದ ಮೇಲೆ ಗುಳಿಗೆ ಬಿಟ್ಟೆ, ಯಕ್ಕಾ ಎಂದ. ಕೈ ಚಾಚು ಎಂದಳು ಅವಳು. ಮೊಣಕೈಯಿಂದ ಮೇಲಕ್ಕೆ ಮೂರು ಗಂಟುಗಳು ಒಂದರ ಮೇಲೊಂದು ಎದ್ದಿದ್ದವು. ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು. ಈರವ್ವ ಅವಳ ಮುಂದೆ ಮುಖದಲ್ಲಿ ಏನೂ ತೋರಗೊಡಲಿಲ್ಲ. “ಏಳು. ಈಗಿಂದೀಗ ಹೋಗೂಣು,” ಎಂದಳು.

ಅವತ್ತೇ ಜಿಲ್ಲಾ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿನ ವೈದ್ಯರು ಈ ರೋಗದ ಹೆಸರನ್ನು ಪುಸ್ತಕದಲ್ಲಷ್ಟೇ ಓದಿದ್ದರು. ಈರವ್ವ ಜಯಲತಾ ಡಾಕ್ಟರಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟಳು. ಅರ್ಧ ತಾಸು ಮಾತಾಯಿತು. ಹುಲಗಪ್ಪನನ್ನು ಬೇರೆ ಕೋಣೆಗೆ ಹಾಕಿ, ಸಲೈನಿನಲ್ಲಿ ಮದ್ದು ಶುರುಮಾಡಿದರು. ಗಂಟಿನ ಕೀವನ್ನು ಪರೀಕ್ಷೆಗೆ ಕಳಿಸಿದರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ರಕ್ತವನ್ನೂ ತೆಗೆದರು. ಈರವ್ವ ಮೂರು ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಳು. ಮೂರನೆಯ ದಿನ ಅವನ ಜ್ವರ ನೂರಕ್ಕೆ ಇಳಿಯಿತು. ಕೀವಿನ ವರದಿ ಅವಳು ರೈಲಿನಲ್ಲಿದ್ದಾಗ ಬಂತು. ಈ ಸಲ ಸಂಶಯವಿಲ್ಲ, ಗ್ಲ್ಯಾಂಡರ್ಸೇ ಎಂದಿತ್ತು. ಹೆಂಡತಿ ಮಕ್ಕಳಿಗೆ ಏನೂ ಇರಲಿಲ್ಲ.

ಅವನು ಬದುಕಿದ. ಒಂದು ವರ್ಷದ ಮದ್ದು ಹಿಡಿಯಿತು. ಎಡಗೈ ಈಗಲೂ ಪೂರ್ತಿ ಮೇಲೇಳುವುದಿಲ್ಲ, ಎತ್ತರದ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ. ಅವನ ಮುಂದೆ ಗುಳಿಗೆ ಬಿಡುವ ಮಾತು ಯಾರೂ ಆಡುವಂತಿಲ್ಲ.

ಆ ಏಪ್ರಿಲಿನಲ್ಲಿ ಈರವ್ವ ಕೊಪ್ಪಳ ಕಡೆಯಿಂದ ಮರಳಿದ ಮೇಲೆ ಖಾರಘರದ ಒಂದು ತಬೇಲಾದವರು ತಾವಾಗಿಯೇ ಡಾಕ್ಟರಿಗೆ ಕರೆ ಮಾಡಿದರು. ಎಂಟು ಕುದುರೆಗಳಲ್ಲಿ ಒಂದು ಎರಡು ದಿನದಿಂದ ಕೆಮ್ಮುತ್ತಿತ್ತು. ಈರವ್ವ ಸ್ಕೂಟರಿನಿಂದ ಇಳಿದಾಗ ಮಾಲಕ ನಾಲ್ಕು ಹೆಜ್ಜೆ ಹಿಂದೆ ಸರಿದ. ಅವಳು ಅದನ್ನು ಕಂಡೂ ಕಾಣದಂತೆ ಚೀಲದಿಂದ ಗ್ಲೌಸು ತೆಗೆದು ತೊಟ್ಟಳು, ಒಂದು ಜೊತೆಯನ್ನು ಅವನಿಗೂ ಚಾಚಿದಳು. ಅವನು ಸ್ವಲ್ಪ ಹೊತ್ತು ನೋಡಿ ತೆಗೆದುಕೊಂಡ.

“ಯಾವ ಕುದರಿ, ತೋರಸ್ರಿ,” ಎಂದು ಅವಳು ಒಳಗೆ ನಡೆದಳು.